ನಿಂತ ಗಾಡಿಗೊಂದು ಬ್ಯಾಟರಿ

ರಾಮಾಂಜಿನಯ್ಯ ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಅವರ ಬಸ್ಸು ಯಾರ ಸೈಕಲ್ಲಿಗೂ ತಾಗಿದ್ದಿಲ್ಲ. ಶ್ರಾವಣದ ಶನಿವಾರಗಳಲ್ಲಿ ದೇವರಾಯನದುರ್ಗದ ತಿರುವುಗಳನ್ನು, ಫುಟ್‌ಬೋರ್ಡಿನ ತನಕ ಜನ ತುಂಬಿದ ಬಸ್ಸಿನಲ್ಲಿ ಇಳಿದವರು ಅವರು. ಅಂಥ ಮನುಷ್ಯ ಕಳೆದ ಮಾರ್ಚಿನ ಒಂದು ಗುರುವಾರ ಕುಣಿಗಲ್ಲಿನ ಪೇಟೆ ರಸ್ತೆಯಲ್ಲಿ ನಿಂತು, ‘ಹ್ಯಾಂಡ್‌ಬ್ರೇಕ್ ಹಾಕಲು ಮರೆತು ನನ್ನ ಕಾರು ಉರುಳಿ, ನಿಂತಿದ್ದ ಸ್ಕೂಟರಿಗೆ ಡಿಕ್ಕಿಯಾಗಿರುತ್ತದೆ. ಇದು ನನ್ನದೇ ತಪ್ಪು’ ಎಂದು ಬರೆದು ರುಜು ಹಾಕಬೇಕಾಯಿತು.

ಹೆಂಡತಿ ಹನುಮಂತಮ್ಮನ ತಂಗಿ ಕರಿಬಸಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ಅವಳನ್ನು ನೋಡಲು ಗಂಡಹೆಂಡಿರು ಪ್ರತಿ ಗುರುವಾರ ತುಮಕೂರಿನ ಶೆಟ್ಟಿಹಳ್ಳಿಯಿಂದ ಕುಣಿಗಲ್ಲಿಗೆ ಹೋಗುತ್ತಿದ್ದರು. ಕರಿಬಸಮ್ಮನ ಮನೆಯ ಗಲ್ಲಿಗೆ ಕಾರು ಹಿಡಿಸದು. ಹಾಗಾಗಿ ಪೇಟೆ ರಸ್ತೆಯಲ್ಲಿ, ಅಂಜನ್‌ಕುಮಾರ್ ಎಂಬವನ ಸ್ಟೀಲ್ ಪಾತ್ರೆ ಅಂಗಡಿಯ ಮುಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿ ನಡೆದು ಹೋಗುತ್ತಿದ್ದರು. ಅದು ಸಾರ್ವಜನಿಕ ರಸ್ತೆ, ನಿಲ್ಲಿಸಬಾರದೆಂಬ ಬೋರ್ಡೂ ಇರಲಿಲ್ಲ.

ಆ ದಿನ ಊಟ ಮುಗಿಸಿ ಬಂದರೆ ಕಾರಿನ ಮುಂದಿನ ಬಂಪರಿನಡಿ ಒಂದು ಸ್ಕೂಟರ್ ಮಲಗಿತ್ತು. ಮಡ್‌ಗಾರ್ಡ್ ಸೊಟ್ಟಗಾಗಿತ್ತು, ಲೈಟಿನ ಗಾಜು ಪುಡಿಯಾಗಿ ನೆಲದ ಮೇಲೆ ಚೆಲ್ಲಿತ್ತು.

“ಏನ್ ಯಜಮಾನ್ರೇ, ಹ್ಯಾಂಡ್‌ಬ್ರೇಕ್ ಹಾಕದೆ ಹೋಗ್ಬಿಟ್ರಾ? ಗಾಡಿ ಉರುಳ್ಕೊಂಡ್ ಬಂದು ನನ್ ಸ್ಕೂಟರ್ ಬೀಳಿಸ್ತು ನೋಡಿ!” ಅಂಜನ್‌ಕುಮಾರ್ ಬೀದಿಗೆಲ್ಲ ಕೇಳುವಂತೆ ಕೂಗಿದ.

“ಹ್ಯಾಂಡ್‌ಬ್ರೇಕ್ ಹಾಕಿದೀನಿ. ಫಸ್ಟ್ ಗೇರಲ್ಲೂ ಬಿಟ್ಟಿದೀನಿ. ಬಂದ್ ನೋಡು,” ಎಂದು ರಾಮಾಂಜಿನಯ್ಯ ಬಾಗಿಲು ತೆಗೆದು ತೋರಿಸಿದರು.

“ಈಗ್ತಾನೆ ಎಳೆದಿದ್ದು ನಾನು ನೋಡ್ಲಿಲ್ವಾ?”

ಜನ ಸೇರಿದರು. ರಾಮಾಂಜಿನಯ್ಯನಿಗೆ ಆಗ ಕ್ಯಾಮೆರಾ ನೆನಪಾಯಿತು. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗಳು ರೂಪಶ್ರೀ ಯುಗಾದಿಯ ಉಡುಗೊರೆಯೆಂದು ಮೊದಲೇ ಕಾರಿನ ಗಾಜಿಗೆ ಹಾಕಿಸಿಕೊಟ್ಟಿದ್ದ ಡ್ಯಾಶ್‌ಕ್ಯಾಮ್ ಅದು. “ಕ್ಯಾಮೆರಾ ಐತೆ, ಎಲ್ರೂ ನೋಡಿ!” ಎಂದು ಹೆಮ್ಮೆಯಿಂದಲೇ ಫೋನು ತೆರೆದರು. ಹನ್ನೊಂದು ಗಂಟೆಯ ಚಿತ್ರ ಬಂತು, ಮುಂದಿನ ಜಾಗ ಖಾಲಿ. ಹನ್ನೊಂದೂವರೆಯದೂ ಬಂತು, ಖಾಲಿ. ಹನ್ನೊಂದು ಐವತ್ತರ ಆಮೇಲೆ ಏನೂ ಇರಲಿಲ್ಲ. ಕಾರಿನ ಬ್ಯಾಟರಿ ಇಳಿಯುತ್ತಿದೆ ಎಂದು ಕ್ಯಾಮೆರಾ ತಾನಾಗಿಯೇ ನಿಂತುಬಿಟ್ಟಿತ್ತು.

“ಆಮೇಲೇ ಉರುಳಿರೋದು!” ಎಂದ ಅಂಜನ್‌ಕುಮಾರ್. ಪಕ್ಕದ ಬೇಕರಿಯವನು, “ಯಜಮಾನ್ರ ಜೊತೆ ಕ್ಯಾಮೆರಾನೂ ನಿದ್ದೆ ಹೊಡ್ದೈತೆ,” ಎಂದ. ಎಲ್ಲರೂ ನಕ್ಕರು.

ಅಂಜನ್‌ಕುಮಾರ್ ದುಡ್ಡು ಕೇಳಲಿಲ್ಲ, ತಪ್ಪೊಪ್ಪಿಗೆಯ ಪತ್ರ ಕೇಳಿದ. ಹನುಮಂತಮ್ಮನಿಗೆ ಸಕ್ಕರೆ ಕಾಯಿಲೆ. ಬಿಸಿಲಿನಲ್ಲಿ ನಿಂತು ನಿಂತು ಅವಳ ಮುಖ ಬಿಳಿಚಿಕೊಂಡಿತ್ತು. “ರೀ, ಅದೇನ್ ಕೇಳ್ತಾನೋ ಬರ್ಕೊಟ್ಟು ಬನ್ರೀ,” ಎಂದು ತೋಳು ಹಿಡಿದಳು. ಅವಳಿಗೋಸ್ಕರ ಬರೆದುಕೊಟ್ಟರು.

ಮೂರನೆಯ ದಿನ ಕರಿಬಸಮ್ಮನ ಫೋನು ಬಂತು. “ಭಾವ, ಬೇಜಾರ್ ಮಾಡ್ಕೋಬೇಡಿ. ನೀವು ಬರ್ಕೊಟ್ಟ ಕಾಗದಾನ ಆ ನನ್ಮಗ ಅಂಗಡಿ ಗಾಜಿಗೆ ಅಂಟಿಸವ್ನೆ. ‘ಇಲ್ಲಿ ಗಾಡಿ ನಿಲ್ಲಿಸಿದರೆ ಗತಿ ಇದು’ ಅಂತ ಮೇಲೆ ಬರ್ದವ್ನೆ. ಹೋಗೋರು ಬರೋರೆಲ್ಲ ಓದ್ತಾವ್ರೆ.”

ರಾಮಾಂಜಿನಯ್ಯ ಕುಡಿಯುತ್ತಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟ ಸದ್ದಿಗೆ ಅಡುಗೆಮನೆಯಿಂದ ಹನುಮಂತಮ್ಮ ಓಡಿಬಂದಳು.

“ನನ್ ಹೆಸ್ರು, ನನ್ ರುಜು, ಕೆಳಗೆ ‘ನಿವೃತ್ತ ಚಾಲಕ’ ಅಂತ ಬೇರೆ ನಾನೇ ಬರ್ದಿದೀನಿ! ಅದನ್ನ ದೃಷ್ಟಿಗೊಂಬೆ ಥರ ಬೀದೀಲಿ ನೇತಾಕವ್ನಾ?”

ಕ್ಯಾಮೆರಾ ನಿಂತದ್ದೇಕೆ ಎಂಬುದನ್ನು ಅಂದೇ ಸಂಜೆ ರೂಪಶ್ರೀ ಬಿಡಿಸಿ ಹೇಳಿದಳು. “ಅಪ್ಪ, ಅದಕ್ಕೆ ಕಾರಿನ ಬ್ಯಾಟರಿಯಿಂದಲೇ ಕರೆಂಟು. ಅದು ಪೂರ್ತಿ ಇಳಿದ್ರೆ ಗಾಡಿ ಸ್ಟಾರ್ಟ್ ಆಗಲ್ಲ ಅಂತ ಸ್ವಲ್ಪ ಇಳಿದ ತಕ್ಷಣ ಕಟ್ ಮಾಡ್ಬಿಡತ್ತೆ. ನಿಂತಿರೋವಾಗ್ಲೂ ಓಡ್ಬೇಕು ಅಂದ್ರೆ ಕ್ಯಾಮೆರಾಗೆ ಅಂತಲೇ ಬೇರೆ ಬ್ಯಾಟರಿ ಬೇಕು.”

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ರಾಮಾಂಜಿನಯ್ಯ ತುಮಕೂರಿನ ಕಾರ್ ಆಕ್ಸೆಸರಿ ಅಂಗಡಿಯೊಂದರ ಮುಂದೆ ನಿಂತಿದ್ದರು. ಅಂಗಡಿಯವನು ಫೋನಿನಿಂದ ಕಣ್ಣೆತ್ತದೆ, “ಅಂಕಲ್, ಆ ಕಟ್-ಆಫ್ ತೆಗ್ದು ಡೈರೆಕ್ಟ್ ಕೊಟ್ಬಿಡ್ತೀನಿ. ಕ್ಯಾಮೆರಾ ನಿಲ್ಲೋದೇ ಇಲ್ಲ,” ಎಂದ.

“ಆಮೇಲೆ ಗಾಡಿ ಸ್ಟಾರ್ಟ್ ಆಗ್ದಿದ್ರೆ ನೀನ್ ಬಂದು ತಳ್ತೀಯಾ?”

“ಹಂಗಾದ್ರೆ ಒಂದು ಪವರ್ ಬ್ಯಾಂಕ್ ತಗೊಂಡು ಡ್ಯಾಶ್‌ಬೋರ್ಡ್ ಮೇಲಿಟ್ಬಿಡಿ.”

“ಮಾರ್ಚ್ ಬಿಸಿಲಲ್ಲಿ, ಗಾಜಿನ ಕೆಳಗೆ? ಹಪ್ಪಳದಂಗೆ ಉಬ್ಬಿ ಬೆಂಕಿ ಹತ್ಕೊಂಡ್ರೆ?”

ಅಂಗಡಿಯವನಿಗೆ ಬೇಸರ ಬಂತು. ಒಂದು ದೊಡ್ಡ ಡಬ್ಬ ತೋರಿಸಿ, “ಇದಕ್ಕಿಂತ ದೊಡ್ಡದು ತುಮಕೂರಲ್ಲೇ ಇಲ್ಲ, ಇದನ್ನ ತಗೊಳಿ,” ಎಂದ. ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಇದೆಲ್ಲ ಏಕೆ ಬೇಕಾಯಿತು ಎಂದು ವಿಚಾರಿಸಿದ. ರಾಮಾಂಜಿನಯ್ಯ ನಡೆದದ್ದನ್ನು ಹೇಳಿದರು. ಅವನು ಕೇಳಿ ನಕ್ಕು, “ಹೋಗ್ಲಿ ಬಿಡಿ ಅಂಕಲ್, ನಿಮ್ ವಯಸ್ಸಿಗೆ ಹ್ಯಾಂಡ್‌ಬ್ರೇಕ್ ಮರೆಯೋದು ಸಹಜ,” ಎಂದುಬಿಟ್ಟ.

ರಾಮಾಂಜಿನಯ್ಯ ಆ ಡಬ್ಬವನ್ನು ಅವನತ್ತಲೇ ತಳ್ಳಿದರು. “ನೀನು ಹುಟ್ಟೋಕ್ ಮುಂಚೆಯಿಂದ ನಾನು ಬ್ರೇಕ್ ಹಾಕ್ತಾ ಇದೀನಿ ಕಣಯ್ಯಾ,” ಎಂದು ಹೇಳಿ ಹೊರಬಿದ್ದವರು ನೇರ ಗುಬ್ಬಿಯ ದಾರಿ ಹಿಡಿದರು.

ಗುಬ್ಬಿಯಲ್ಲಿ ಯಲ್ಲಯ್ಯ ಇದ್ದ. ಒಂದು ಕಾಲಕ್ಕೆ ಇವರ ಡಿಪೋದಲ್ಲೇ ಎಲೆಕ್ಟ್ರೀಷಿಯನ್ ಆಗಿದ್ದು, ಈಗ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತದ್ದೊಂದು ಆಟೋ ಎಲೆಕ್ಟ್ರಿಕಲ್ ಶಾಪು ಇಟ್ಟುಕೊಂಡಿದ್ದ. ಇವರ ಮುಖ ನೋಡಿದವನೇ ಸ್ಟೂಲು ಎಳೆದು ಕೂರಿಸಿದ.

“ಏನಣ್ಣ, ಯಾರ್ ಮೇಲೆ ಯುದ್ಧಕ್ಕೆ ಹೊಂಟಿದ್ದೀಯ?”

“ಅತಿ ದೊಡ್ಡ ಬ್ಯಾಟರಿ ಹಾಕ್ಕೊಡೋ ಯಲ್ಲ. ಮೂರ್ ದಿನ ನಿಂತ್ರೂ ಕ್ಯಾಮೆರಾ ಕಣ್ಣು ಮುಚ್ಬಾರ್ದು.”

ಯಲ್ಲಯ್ಯ ಅವಸರ ಮಾಡಲಿಲ್ಲ. ಪೂರ್ತಿ ಕಥೆ ಕೇಳಿಸಿಕೊಂಡ. ಕಾರಿನ ಹತ್ತಿರ ಹೋಗಿ ಕ್ಯಾಮೆರಾದ ವೈರಿಗೆ ಮೀಟರು ಕೊಟ್ಟು ಎಷ್ಟು ಕರೆಂಟು ಎಳೆಯುತ್ತದೆಂದು ನೋಡಿದ. ಬಂದು ಎದುರಿಗೆ ಕೂತ.

“ಅಣ್ಣ, ನೀನು ಒಂದ್ಸಲಕ್ಕೆ ಎಷ್ಟೊತ್ತು ಗಾಡಿ ನಿಲ್ಲಿಸ್ತೀಯ?”

“ಕುಣಿಗಲ್ಲಲ್ಲಿ ನಾಲ್ಕು ಗಂಟೆ. ಹೆಚ್ಚಂದ್ರೆ ಐದು.”

“ಅಲ್ಲಿಗೆ ಹೋಗೋಕೆ ಎಷ್ಟೊತ್ತು ಓಡಿಸ್ತೀಯ?”

“ಒಂದು ಗಂಟೆ.”

“ಅದೇ ನೋಡು ಲೆಕ್ಕ. ಬ್ಯಾಟರಿ ತುಂಬೋದು ಗಾಡಿ ಓಡೋವಾಗ ಮಾತ್ರ. ನೀನ್ ಹೇಳೋ ಅಂಥ ದೊಡ್ಡದು ತುಂಬೋಕೆ ಮೂರು ಗಂಟೆ ಓಡಿಸ್ಬೇಕು. ಅರ್ಧಂಬರ್ಧ ತುಂಬ್ಕೊಂಡು ಸುಮ್ನೆ ಡಿಕ್ಕೀಲಿ ಕೂತಿರತ್ತೆ. ನಿಂಗ್ ಬೇಕಾಗಿರೋದು ದೊಡ್ಡದಲ್ಲ, ಬೇಗ ತುಂಬೋದು.”

ರಾಮಾಂಜಿನಯ್ಯ ಸುಲಭಕ್ಕೆ ಒಪ್ಪಲಿಲ್ಲ. ಬೈಕಿನ ಮಾಮೂಲಿ ಬ್ಯಾಟರಿಯೊಂದನ್ನು ಸೀಟಿನ ಕೆಳಗೆ ಕೂರಿಸಿದರೆ ಸಾಲದೇ ಎಂದರು. ಅದು ಒಂದು ಗಂಟೆಯಲ್ಲಿ ತುಂಬುವ ಜಾತಿಯಲ್ಲ, ದಿನಾ ಬರಿದು ಮಾಡಿದರೆ ಆರು ತಿಂಗಳಿಗೆ ಸಾಯುತ್ತದೆ ಎಂದ ಯಲ್ಲಯ್ಯ. ಕೊನೆಗೆ ಒಳಗಿನಿಂದ ಟಿಫಿನ್ ಡಬ್ಬಿಯಷ್ಟೇ ಇದ್ದ ಲಿಥಿಯಂ ಬ್ಯಾಟರಿಯೊಂದನ್ನು ತಂದ. ಲಿಥಿಯಂನಲ್ಲೂ ಇದು ಶಾಖ ತಡೆಯುವ ಫಾಸ್ಫೇಟ್ ಬಗೆ, ಆದರೂ ಬಿಸಿಲು ಬೀಳುವ ಕಡೆ ಇಡಬಾರದು ಎಂದು ಎಚ್ಚರಿಸಿದ. ಇಂಜಿನ್ ಆನ್ ಆದಾಗ ಮಾತ್ರ ತುಂಬುವಂತೆ, ಆಫ್ ಆದಾಗ ಕಾರಿನ ಬ್ಯಾಟರಿಯ ತಂಟೆಗೇ ಹೋಗದಂತೆ, ದಪ್ಪ ವೈರು ಎಳೆದು, ನಡುವೆ ಫ್ಯೂಸು ಹಾಕಿ, ಡ್ರೈವರ್ ಸೀಟಿನ ಕೆಳಗೆ ಬಿಗಿದ.

ರಾಮಾಂಜಿನಯ್ಯ ಅದನ್ನೂ ನಂಬಿ ಬಿಡಲಿಲ್ಲ. ಗುಬ್ಬಿಯಿಂದ ಹಾಗೇ ಒಂದು ಗಂಟೆ ಓಡಿಸಿದರು. ಮನೆಯ ಮುಂದೆ ನಿಲ್ಲಿಸಿ, ಗಳಿಗೆಗೊಮ್ಮೆ ಫೋನು ನೋಡುತ್ತಾ ಕೂತರು. ಸಂಜೆ ಏಳಾದರೂ ಕ್ಯಾಮೆರಾ ಬೀದಿಯನ್ನು ನೋಡುತ್ತಲೇ ಇತ್ತು. ಎದುರುಮನೆಯವರ ನಾಯಿ ಟೈರಿಗೆ ಕಾಲೆತ್ತಿದ್ದು ಕೂಡ ಸಿಕ್ಕಿತ್ತು.

“ಈ ಗುರುವಾರಾನೂ ಅಲ್ಲೇ ನಿಲ್ಸೋದು,” ಎಂದರು.

“ಬೇಡ ಕಣ್ರೀ. ದೂರ ಆದ್ರೂ ಕಾಲೇಜ್ ಹತ್ರ ನಿಲ್ಸೋಣ, ನಾನ್ ನಡೀತೀನಿ,” ಎಂದಳು ಹನುಮಂತಮ್ಮ.

“ನೀನ್ಯಾಕ್ ನಡೀಬೇಕು? ರೋಡು ಅವರಪ್ಪಂದಾ?”

ಗುರುವಾರ ಅಲ್ಲೇ ನಿಲ್ಲಿಸಿದರು. ಇಳಿಯುವಾಗ ಅಂಗಡಿಯ ಗಾಜಿನ ಮೇಲೆ ತಮ್ಮದೇ ಕೈಬರಹ ಕಂಡಿತು. ಅಂಜನ್‌ಕುಮಾರ್ ಒಳಗಿನಿಂದ ನೋಡಿ ಮುಗುಳ್ನಕ್ಕ. ರಾಮಾಂಜಿನಯ್ಯ ಹಲ್ಲು ಕಚ್ಚಿಕೊಂಡು ಹ್ಯಾಂಡ್‌ಬ್ರೇಕನ್ನು ಎರಡು ಸಲ ಎಳೆದು ನೋಡಿದರು. ಅವರ ಕೈ ತಾನಾಗಿಯೇ ಹಾಗೆ ಮಾಡಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾರದ ಆ ಅನುಮಾನವನ್ನು ಇವನು ತನ್ನೊಳಗೆ ಬಿತ್ತಿಬಿಟ್ಟನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಕರಿಬಸಮ್ಮನ ಮನೆಯಲ್ಲಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟರು. ಎರಡು ಗಂಟೆಗೆ ಎದ್ದು ಬಂದರು. ನಿರೀಕ್ಷಿಸಿದ್ದರೂ, ಆ ದೃಶ್ಯ ಕಂಡು ಮೈಯೆಲ್ಲ ಉರಿದುಹೋಯಿತು. ಅದೇ ಸ್ಕೂಟರ್, ಅದೇ ಸೊಟ್ಟ ಮಡ್‌ಗಾರ್ಡ್, ಬಂಪರಿನಡಿ ಅದೇ ರೀತಿ ಮಲಗಿತ್ತು.

“ಏನ್ ತಾತ, ಮತ್ತೆ ನೀವೇನಾ?” ಅಂಜನ್‌ಕುಮಾರ್ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದ. “ಬರ್ಕೊಟ್ರೂ ಬುದ್ಧಿ ಬರ್ಲಿಲ್ವಲ್ಲ. ನೋಡ್ರಪ್ಪಾ ಎಲ್ರೂ!”

ಜನ ಸೇರಲಿ ಎಂದು ರಾಮಾಂಜಿನಯ್ಯ ಕಾದರು. ಬೇಕರಿಯವನು ಬಂದ, ಟೈಲರ್ ಬಂದ, ಬಸ್ಸಿಗೆ ಕಾದಿದ್ದವರು ಬಂದರು. ಆಗ ಫೋನು ತೆಗೆದರು.

“ಕ್ಯಾಮೆರಾ ಇವತ್ತೂ ಮಲಗೈತಾ?” ಎಂದ ಬೇಕರಿಯವನು.

“ಬಾಪ್ಪ, ನೀನೇ ಹಿಡ್ಕೊ. ಎಲ್ರಿಗೂ ತೋರ್ಸು,” ಎಂದು ಫೋನನ್ನು ಅವನ ಕೈಗೇ ಕೊಟ್ಟರು.

ಫೋನಿನ ಚಿತ್ರದಲ್ಲಿ ಸಮಯ ಹನ್ನೆರಡು ಇಪ್ಪತ್ತಾರು. ಅಂಜನ್‌ಕುಮಾರ್ ಅಂಗಡಿಯ ಪಕ್ಕದಿಂದ ಸ್ಕೂಟರ್ ತಳ್ಳಿಕೊಂಡು ಬಂದ. ಅತ್ತ ನೋಡಿದ, ಇತ್ತ ನೋಡಿದ. ಕಾರಿನ ಮುಂದೆ ಅದನ್ನು ಮೆಲ್ಲಗೆ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು, ಅದರಲ್ಲಿದ್ದ ಗಾಜಿನ ಚೂರುಗಳನ್ನು ನೆಲಕ್ಕೆ ಸುರಿದ. ಕಾರು ಕೂದಲೆಳೆಯಷ್ಟೂ ಅಲುಗಲಿಲ್ಲ.

ಬೇಕರಿಯವನ ನಗು ನಿಂತಿತು. ಟೈಲರ್ ಬಗ್ಗಿ ಮತ್ತೊಮ್ಮೆ ನೋಡಿ, “ಅಯ್ಯೋ ಪಾಪಿ! ನಮ್ ಬೀಗ್ರ ಕಾರಿಗೂ ಇಂಗೇ ಮಾಡಿದ್ದ ಕಣ್ರೋ,” ಎಂದ.

“ಸಾರ್, ಅದು... ಅಂಗಡಿ ಮುಂದೆ ಗಾಡಿ ನಿಂತ್ರೆ ಗಿರಾಕಿ ಬರಲ್ಲ ಸಾರ್. ಅದಕ್ಕೇ...” ಅಂಜನ್‌ಕುಮಾರನ ಬಾಯಲ್ಲಿ ತಾತ ಹೋಗಿ ಸಾರ್ ಬಂದಿತ್ತು.

“ಅದಕ್ಕೇ? ಅದಕ್ಕೇ ನನ್ನ ಕೈಲಿ ಸುಳ್ಳು ಬರೆಸ್ದಾ? ಇಪ್ಪತ್ತೊಂಬತ್ತು ವರ್ಷ ಕಣೋ! ಒಂದು ಮೆಮೊ ಇಲ್ಲ, ಒಂದು ಕೇಸಿಲ್ಲ. ನಿನ್ನ ಪಾತ್ರೆ ಕಾಣ್ಲಿ ಅಂತ ನನ್ನ ಮಾನ ಗಾಜಿಗೆ ಅಂಟಿಸ್ದಾ?”

ಯಾರೋ ಅಂಜನ್‌ಕುಮಾರನ ಕೊರಳಪಟ್ಟಿಗೆ ಕೈ ಹಾಕಿದರು. ಇನ್ನೊಬ್ಬ ಹೊಡೆಯಲು ಕೈಯೆತ್ತಿದ. ರಾಮಾಂಜಿನಯ್ಯ ನಡುವೆ ನುಗ್ಗಿದರು.

“ಮುಟ್ಬೇಡಿ ಅವನ್ನ! ಅವತ್ತು ಇಲ್ಲೇ ನಿಂತು ನಕ್ಕೋರು ನೀವೇ ಅಲ್ವಾ? ಒಬ್ರಾದ್ರೂ ಬಗ್ಗಿ ಬಂಪರ್ ನೋಡಿದ್ರಾ? ಒಂದು ಗೀರು ಇತ್ತಾ ಅಂತ ಕೇಳಿದ್ರಾ? ಈಗ ಬಂದ್ಬಿಟ್ರು ನ್ಯಾಯ ಮಾಡಕ್ಕೆ!”

ಬೇಕರಿಯವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ರಾಮಾಂಜಿನಯ್ಯ ಅಂಗಡಿಯ ಮೆಟ್ಟಿಲು ಹತ್ತಿ ಕಾಗದವನ್ನು ತಾವೇ ಉಗುರಿನಿಂದ ಕೆರೆದು ಬಿಡಿಸಿದರು. ಒಂದು ಮೂಲೆ ಗಾಜಿನಲ್ಲೇ ಉಳಿಯಿತು.

ಅಷ್ಟಕ್ಕೆ ಬಿಡದೆ ಠಾಣೆಗೆ ಹೋದರು. ಅಲ್ಲಿನವರು ವಿಡಿಯೋ ನೋಡಿ ನಕ್ಕು, “ಕಾಗದ ಸಿಕ್ತಲ್ಲ ಯಜಮಾನ್ರೇ, ರಾಜಿ ಮಾಡ್ಕೊಳಿ,” ಎಂದರು. ರಾಮಾಂಜಿನಯ್ಯ ಬೆಂಚಿನ ಮೇಲೆ ಕೂತರು. ದೂರು ತೆಗೆದುಕೊಳ್ಳುವ ತನಕ ಏಳುವುದಿಲ್ಲ ಎಂದರು. ಹನುಮಂತಮ್ಮ ಡಬ್ಬಿಯಲ್ಲಿದ್ದ ಚಪಾತಿ ತೆಗೆದು ಅವರ ಪಕ್ಕದಲ್ಲೇ ಕೂತು ತಿಂದಳು. ಅಷ್ಟರಲ್ಲಿ ಟೈಲರ್ ತನ್ನ ಬೀಗರನ್ನೂ ಕರೆದುಕೊಂಡು ಬಂದ. ನಾಲ್ಕೂವರೆಗೆ ದೂರು ಬರೆದುಕೊಂಡು ರಸೀದಿ ಕೊಟ್ಟರು. ಅಂಜನ್‌ಕುಮಾರನನ್ನು ಕರೆಸಿ, ಮಾಡಿದ್ದು ಸುಳ್ಳೆಂದು ಅವನ ಕೈಯಲ್ಲೇ ಬರೆಸಿಕೊಂಡರು.

ವಾಪಸು ಬರುವಾಗ ಹನುಮಂತಮ್ಮ ಕೇಳಿದಳು.

“ಈಗ್ಲಾದ್ರೂ ಸಮಾಧಾನ ಆಯ್ತೇನ್ರೀ?”

“ಇಲ್ಲ.”

“ಇನ್ನೇನ್ ಆಗ್ಬೇಕಿತ್ತು?”

“ಅವತ್ತು ನಾನ್ ಬಾಯ್ಬಿಟ್ಟು ಹೇಳ್ದಾಗ ಒಬ್ನೂ ನಂಬ್ಲಿಲ್ಲ ಕಣೇ. ಇವತ್ತು ಒಂದು ಕ್ಯಾಮೆರಾ ಡಬ್ಬಿ ಹೇಳ್ತು, ಎಲ್ರೂ ನಂಬಿದ್ರು.”

ಹನುಮಂತಮ್ಮ ಕಿಟಕಿಯಾಚೆ ನೋಡುತ್ತಾ, “ನಾನೂ ಬರ್ಕೊಟ್ಟು ಬನ್ನಿ ಅಂದ್ನಲ್ಲ,” ಎಂದಳು ಸಣ್ಣ ದನಿಯಲ್ಲಿ.

“ನಿನ್ ಮೇಲಲ್ಲ ಸಿಟ್ಟು,” ಎಂದು ಅವರು ಗೇರು ಬದಲಿಸಿದರು.

ಮುಂದಿನ ಗುರುವಾರ ಕುಣಿಗಲ್ಲಿಗೆ ಹೋದಾಗ ಪಾತ್ರೆ ಅಂಗಡಿಯ ಮುಂದೆ ಎರಡು ಕಾರು, ಒಂದು ಎಳನೀರಿನ ಲಗೇಜ್ ಆಟೋ ಆಗಲೇ ನಿಂತಿದ್ದವು. ಯಾರಿಗೂ ಈಗ ಅಲ್ಲಿ ನಿಲ್ಲಿಸಲು ಭಯವಿರಲಿಲ್ಲ. ರಾಮಾಂಜಿನಯ್ಯ ಎರಡು ಸುತ್ತು ಹಾಕಿದರು, ಜಾಗ ಸಿಗಲಿಲ್ಲ. ಕೊನೆಗೆ ಕಾಲೇಜಿನ ಹತ್ತಿರ ನಿಲ್ಲಿಸಿ, ಊರಿನ ಜನರನ್ನೆಲ್ಲ ಬೈದುಕೊಳ್ಳುತ್ತಾ, ಹೆಂಡತಿಯ ಕೈ ಹಿಡಿದು ಬಿಸಿಲಿನಲ್ಲಿ ನಡೆದರು.