ಅಂಬಾರಾಯನ ಸ್ಟೀರಿಯೊ

ಮುಚ್ಚಳದ ಕೊನೆಯ ಸ್ಕ್ರೂಗೆ ಬಂದಾಗ ಸಂಗಮೇಶ್ವರ ಸ್ಕ್ರೂಡ್ರೈವರನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಂಡ. ಇಂಥ ಪೆಟ್ಟಿಗೆಗಳನ್ನು ಎಷ್ಟೋ ಬಿಚ್ಚಿ ಜೋಡಿಸಿದವನು ಅವನು. ಆದರೆ ಇದು ಅಣ್ಣನದು. ಅಣ್ಣ ಇರುವತನಕ ಇದರ ಒಂದು ಸ್ಕ್ರೂ ಸಹ ಮುಟ್ಟಗೊಟ್ಟಿರಲಿಲ್ಲ. "ಹಾಡ್ಲಿಕತ್ತದ ಇಲ್ಲೋ? ಸುಮ್ನ ಕುಂತು ಕೇಳು. ಅದರ ಹೊಟ್ಟಿ ಸೀಳಿ ಏನ್ ನೋಡ್ತಿ?" ಎಂದು ಗದರಿಸುತ್ತಿದ್ದ. ಈಗ ಗದರಿಸುವವನೇ ಇಲ್ಲ. ಸ್ಕ್ರೂ ಹಗುರಾಗಿ ಬಿಚ್ಚಿಕೊಂಡು ಅಂಗೈಗೆ ಬಂದುಬಿಟ್ಟಿತು.

ಅದು ಜಪಾನಿನಲ್ಲಿ ತಯಾರಾದ ಹಳೆಯ ಸ್ಟೀರಿಯೊ ರಿಸೀವರು. ರೇಡಿಯೊ ಮತ್ತು ಆಂಪ್ಲಿಫೈಯರು ಎರಡೂ ಒಂದೇ ಮೈಯೊಳಗೆ. ಎದುರಿಗೆ ಬೆಳ್ಳಿಬಣ್ಣದ ಲೋಹದ ಮುಖ, ಅದರಲ್ಲಿ ಉದ್ದನೆಯ ಗಾಜಿನ ಡಯಲ್ಲು, ಸುತ್ತಲೂ ಕಂದು ಮರದ ಕವಚ. ಸ್ಟೇಷನ್ ಹುಡುಕುವ ಗುಂಡಿಯಂತೂ ಎಷ್ಟು ಭಾರವೆಂದರೆ, ಒಮ್ಮೆ ತಿರುವಿ ಕೈಬಿಟ್ಟರೆ ಮುಳ್ಳು ಡಯಲ್ಲಿನ ಈ ತುದಿಯಿಂದ ಆ ತುದಿಗೆ ತಾನೇ ತಾನಾಗಿ ಜಾರಿಕೊಂಡು ಹೋಗುತ್ತಿತ್ತು. ಈಗಿನ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಆ ಸುಖ ಎಲ್ಲಿಂದ ಬರಬೇಕು.

ಶಹಾಬಾದಿನಲ್ಲಿ ಇದನ್ನು ಮೊದಲು ಕಂಡವನು ಸಂಗಮೇಶ್ವರನೇ. ಆಗಿನ್ನೂ ಕಾಲೇಜು ಓದುತ್ತಿದ್ದ. ದುಬೈಯಿಂದ ಮರಳಿದವರೊಬ್ಬರು ಮನೆ ಖಾಲಿ ಮಾಡುತ್ತ ಸಾಮಾನುಗಳನ್ನೆಲ್ಲ ಅಂಗಳದಲ್ಲಿ ಹರವಿದ್ದರು. ಇವನು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತವನು ಕರೆದರೂ ಏಳಲಿಲ್ಲ. ಅಣ್ಣ ಅಂಬಾರಾಯ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡು, ಇವನನ್ನು ಸಾಕಿ ಓದಿಸುತ್ತಿದ್ದವನು. ತಮ್ಮನ ಮುಖ ನೋಡಲಾರದೆ ಕೊಂಡುಕೊಟ್ಟ. ಕೊಂಡದ್ದೇನೋ ತಮ್ಮನಿಗಾಗಿ. ಆದರೆ ಕ್ವಾರ್ಟರ್ಸಿಗೆ ತಂದು ಹಚ್ಚಿದ ಮೇಲೆ ಅದರ ಮುಂದಿನಿಂದ ಏಳದೆ ಹೋದವನು ಅಣ್ಣ. ಡ್ಯೂಟಿ ಮುಗಿಸಿ ಬಂದು ಬೂಟು ಸಹ ಕಳಚದೆ ಕಣ್ಣು ಮುಚ್ಚಿ ಕೇಳುತ್ತ ಕೂತುಬಿಡುತ್ತಿದ್ದ. ತಮ್ಮನಿಗೆ ಸೇಡಂನ ಖಜಾನೆ ಕಚೇರಿಯಲ್ಲಿ ನೌಕರಿ ಸಿಕ್ಕು, ಅವನು ಟ್ರಂಕು ಹೊತ್ತು ಹೊರಟಾಗಲೂ ಪೆಟ್ಟಿಗೆ ವಾಡಿಯಲ್ಲೇ ಉಳಿಯಿತು. ಕೇಳಲು ಇವನಿಗೆ ಬಾಯಿ ಬರಲಿಲ್ಲ. ಅಣ್ಣನೂ ಆ ಮಾತೆತ್ತಲಿಲ್ಲ.

ಆಮೇಲೆ ಹತ್ತಿದ್ದೇ ಈ ಹುಚ್ಚು. ಭಾನುವಾರ ಬಂತೆಂದರೆ ಸಂಗಮೇಶ್ವರ ಚಿತ್ತಾಪುರ, ಶಹಾಬಾದು, ಒಮ್ಮೊಮ್ಮೆ ಚಿಂಚೋಳಿಯ ತನಕ ಗುಜರಿ ಅಂಗಡಿಗಳನ್ನು ಸುತ್ತುವನು. ಶಹಾಬಾದಿನ ಗುಜರಿ ಅಂಗಡಿಯ ಅಬ್ದುಲ್ ಗನಿ ಹಳೆಯ ರಿಸೀವರು ಬಂದರೆ ತಗಡಿನ ಕೆಳಗೆ ಮುಚ್ಚಿಟ್ಟು ಫೋನು ಮಾಡುವನು. ತಂದದ್ದನ್ನು ತೊಳೆದು, ತಿಕ್ಕಿ, ತುಕ್ಕು ತೆಗೆದು, ಮರಕ್ಕೆ ಅಗಸೆ ಎಣ್ಣೆ ಕುಡಿಸಿ, ಅಂಗಡಿಯಿಂದ ಇಂದೇ ಬಂದದ್ದೆನ್ನುವ ಹಾಗೆ ಮಾಡದಿದ್ದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಮನೆಯ ಒಂದು ಕೋಣೆ ಪೂರ್ತಿ ಇವೇ. "ಇಷ್ಟೆಲ್ಲಾ ಡಬ್ಬಿ ಅವ, ಒಂದರಾಗರ ಒಂದು ಹಾಡು ಪೂರಾ ಕೇಳೀರೇನ್ರಿ?" ಎಂದು ಹೆಂಡತಿ ಶಿವಗಂಗಾ ಚುಡಾಯಿಸುತ್ತಿದ್ದಳು. ಅವಳು ನಗುತ್ತ ಹೇಳಿದರೂ ಮಾತು ನಿಜವಾಗಿತ್ತು. ಹಾಡು ಶುರುವಾದರೆ ಇವನ ಗಮನ ಗುಂಡಿಯ ಮೇಲಿನ ಕಲೆಗೆ ಹೋಗುತ್ತಿತ್ತು. ಅವೆಲ್ಲವೂ ಅಣ್ಣನ ಮನೆಯಲ್ಲಿದ್ದ ಆ ಒಂದರ ಬದಲಿಗೆ ತಂದವು ಎಂಬುದು ಅವನಿಗೂ ಗೊತ್ತಿತ್ತು.

ಅಣ್ಣ ರಿಟೈರಾದ ಮೇಲೆ ಲಕ್ವಾ ಹೊಡೆದು, ಬಲಗೈ ಬಲಗಾಲು ಹೋಗಿ, ಬಹಳ ದಿನ ಹಾಸಿಗೆ ಹಿಡಿದಿದ್ದ. ಅದೇ ಹೊತ್ತಿಗೆ ಪೆಟ್ಟಿಗೆಯೂ ಮೊದಲು ಒಂದು ಕಡೆಯ ದನಿ ಬಿಟ್ಟಿತು, ಆಮೇಲೆ ಪೂರ್ತಿ ಮೂಕಾಯಿತು. ಈ ಚಳಿಗಾಲದಲ್ಲಿ ಅಣ್ಣ ಹೋದ. ಅಣ್ಣನ ಹೆಂಡತಿ, ವೈನಿ ಚಂದಮ್ಮ, ಈಗ ವಾಡಿಯಲ್ಲೇ ಶಾಲಾ ಶಿಕ್ಷಕಿಯಾಗಿರುವ ಮಗಳು ಅಂಬಿಕಾಳ ಜೊತೆ ಇದ್ದಾಳೆ. ಮೊನ್ನೆ ವೈನಿಯೇ ಫೋನು ಮಾಡಿ ಕರೆಸಿ, ಪೆಟ್ಟಿಗೆಯನ್ನು ಇವನ ಕೈಗೆ ಒಪ್ಪಿಸಿದ್ದಳು. ಮುಂಜಾನೆ ಆಕಾಶವಾಣಿಯ ವಚನ ಇದರಲ್ಲೇ ಕೇಳಬೇಕು ಎಂಬುದಷ್ಟೇ ಅವಳ ಆಸೆ. "ಧ್ವನಿ ಬಂದ್ರ ನನ್ನ ಹಂತ್ಯಾಕ ಇರಲಿ ತಮ್ಮಾ, ಬರದಿದ್ರ ನೀನೇ ಇಟ್ಕೋ" ಎಂದಿದ್ದಳು.

ಸೇಡಂಗೆ ತಂದು ಮೇಜಿನ ಮೇಲಿಟ್ಟಾಗಿನಿಂದ ಆ ಮಾತು ಸಂಗಮೇಶ್ವರನನ್ನು ಕೊರೆಯತೊಡಗಿತ್ತು. ಆಗಲಿಲ್ಲ ವೈನಿ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಇಷ್ಟು ವರ್ಷ ಕನಸಿನಲ್ಲಿ ಕಂಡದ್ದು ಮನೆಯಲ್ಲೇ ಉಳಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಎರಡು ದಿನ ಆ ಯೋಚನೆಯೊಡನೆ ಗುದ್ದಾಡಿದ. ಕೊನೆಗೆ, ತನ್ನನ್ನು ಹೆತ್ತ ಮಗನ ಹಾಗೆ ನೋಡಿಕೊಂಡ ವೈನಿಗೆ ಸುಳ್ಳು ಹೇಳಿದರೆ ಹುಳ ಬಿದ್ದೇನು ಎಂದುಕೊಂಡು ಸ್ಕ್ರೂಡ್ರೈವರು ಕೈಗೆತ್ತಿಕೊಂಡ.

ಒಳಗೆ ಅಂಥ ಕೆಟ್ಟದ್ದೇನೂ ಆಗಿರಲಿಲ್ಲ. ಸುಟ್ಟ ಫ್ಯೂಜು, ಊದಿಕೊಂಡ ಕೆಲವು ಕಂಡೆನ್ಸರು, ಬಿರುಕುಬಿಟ್ಟ ಬೆಸುಗೆಗಳು. ಡಯಲ್ಲಿನ ಹಿಂದಿನ ಸಣ್ಣ ಬಲ್ಬುಗಳನ್ನು ಅಬ್ದುಲ್ ಗನಿ ಬೇರೊಂದು ಹಾಳಾದ ಸೆಟ್ಟಿನಿಂದ ಕಿತ್ತು ಕಳಿಸಿಕೊಟ್ಟ. ಎಲ್ಲ ಜೋಡಿಸಿ ಸ್ವಿಚ್ಚು ಒತ್ತಿದಾಗ ಡಯಲ್ಲಿನ ತುಂಬ ತಿಳಿನೀಲಿ ಬೆಳಕು ಹರಡಿತು. ಭಾರದ ಗುಂಡಿಯನ್ನು ತಿರುವಿ ಬಿಟ್ಟ. ಮುಳ್ಳು ಜಾರುತ್ತ ಹೋಗಿ ಗೊರಗೊರ ಸದ್ದಿನ ನಡುವೆ ಕಲಬುರಗಿ ಕೇಂದ್ರವನ್ನು ಹಿಡಿಯಿತು. ಯಾರೋ ತತ್ವಪದ ಹಾಡುತ್ತಿದ್ದರು. ತಂಬೂರಿಯ ದನಿ ಎರಡೂ ಸ್ಪೀಕರುಗಳಿಂದ ತುಂಬಿ ಬಂತು. ಸಂಗಮೇಶ್ವರ ಅಂದು ಹಾಡು ಮುಗಿಯುವ ತನಕ ಕದಲದೆ ಕೂತ. ಬೂಟು ಕಳಚದೆ ಕೂರುತ್ತಿದ್ದ ಅಣ್ಣ ಕಣ್ಣ ಮುಂದೆ ಬಂದ. ಅವನು ಬದುಕಿದ್ದಾಗಲೇ ಹೋಗಿ ಇದಿಷ್ಟನ್ನು ಮಾಡಿಕೊಡಬಹುದಿತ್ತಲ್ಲ, ಮುಟ್ಟಗೊಡುವುದಿಲ್ಲವೆಂಬ ಸಿಟ್ಟಿನಲ್ಲಿ ಹೋಗದೆ ಉಳಿದೆನಲ್ಲ ಎಂದು ದುಃಖ ಉಕ್ಕಿ ಬಂದು, ಶಿವಗಂಗಾ ಬಂದು ಬೆನ್ನು ಸವರುವ ತನಕ ಅತ್ತ.

ಮುಚ್ಚಳ ಮಾತ್ರ ಉಳಿದಿತ್ತು. ಅಣ್ಣ ಪ್ರತಿ ವರ್ಷ ದಸರೆಯ ಖಂಡೆಪೂಜೆಯ ದಿನ ಮನೆಯ ಕುಡುಗೋಲು, ಇಳಿಗೆಮಣೆ, ತನ್ನ ಗಾರ್ಡಿನ ಲಾಟೀನುಗಳ ಸಾಲಿನಲ್ಲೇ ಇದನ್ನೂ ಇಟ್ಟು ಪೂಜಿಸುತ್ತಿದ್ದ. ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ಹಳೆಯದನ್ನು ಒರೆಸದೆ ಅದರ ಮೇಲೇ ಮತ್ತೆ ಎಳೆದೆಳೆದು ಮರದ ಮೇಲೆ ಬಿಳಿಯ ದಪ್ಪ ಪದರು ಕೂತಿತ್ತು. ಎಲ್ಲಕ್ಕಿಂತ ಮೇಲಿನ ಗೆರೆಗಳು ಸೊಟ್ಟಗಿದ್ದವು. ಮೂರನೆಯದು ಅರ್ಧಕ್ಕೇ ನಿಂತಿತ್ತು. ಇಂಥ ಮರವನ್ನು ಹೀಗೆ ಕೆಡಿಸುತ್ತಾರೆಯೇ ಎಂದು ಸಂಗಮೇಶ್ವರನ ಜೀವ ಚುರುಗುಟ್ಟಿತು. ಆದರೂ ವಿಭೂತಿಯಲ್ಲವೇ. ಒಂದು ಗಳಿಗೆ ತಡೆದ. ಬೆರಳ ತುದಿಗೆ ಅದನ್ನೇ ಚೂರು ಹತ್ತಿಸಿಕೊಂಡು ಹಣೆಗಿಟ್ಟುಕೊಂಡ. ಅಷ್ಟಾದರೆ ದೇವರ ಒಪ್ಪಿಗೆಯೂ ಸಿಕ್ಕಂತೆ, ಅಣ್ಣನದೂ ಸಿಕ್ಕಂತೆ ಎಂದುಕೊಂಡು, ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಿಕ್ಕತೊಡಗಿದ. ಎಣ್ಣೆ ಕುಡಿಸಿದ ಮೇಲೆ ಮರದ ಗೆರೆಗಳು ಹೊಳೆಹೊಳೆದು ಎದ್ದವು. ವೈನಿ ಗುರುತೇ ಹಿಡಿಯುವುದಿಲ್ಲ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ.

ವಾಡಿಯಲ್ಲಿ ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ಮುಚ್ಚಿದ್ದ ಚಾದರ ತೆಗೆಯದೆಯೇ ಮೊದಲು ವಯರು ಜೋಡಿಸಿ ಹಚ್ಚಿದ. ದನಿ ಕೇಳಿದ್ದೇ ಚಂದಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಮುಖ ಅರಳಿತು. ಆ ಅರಳಿದ ಮುಖವನ್ನು ಕಂಡು, ಇದನ್ನು ಬಿಟ್ಟುಕೊಡುವ ನೋವು ಸಹ ಸಂಗಮೇಶ್ವರನಿಗೆ ಹಗುರಾಯಿತು. ಹಿಗ್ಗಿನಿಂದ ಚಾದರ ಎಳೆದ.

ಅವಳು ನೋಡುತ್ತ ನಿಂತಳು. ಹತ್ತಿರ ಬಂದು ಮುಚ್ಚಳದ ನಡುವೆ ಮೂರು ಬೆರಳಿಟ್ಟಳು. ಹಾಗೇ ಆಚೆ ಈಚೆ ತಡವಿದಳು. ಕುರುಡರು ಏನನ್ನೋ ಹುಡುಕುವ ಹಾಗಿತ್ತು.

"ಇದರ ಮ್ಯಾಗಿನ ಈಬತ್ತಿ ಎಲ್ಲಿ ತಮ್ಮಾ?"

ಮರ ಕೆಡುತ್ತಿತ್ತು, ಒರೆಸಿದೆ ಎಂದು ಅವನು ಹೇಳಿದ. ಹೇಳುತ್ತ ಕೈಯಲ್ಲಿದ್ದ ಚಾದರವನ್ನು ಮಡಚತೊಡಗಿದ.

"ಹೋದ ಖಂಡೆಪೂಜಿಗಿ ನಾ ಬ್ಯಾಡಂದ್ರೂ ಕೇಳ್ದೆ ಎದ್ದು ಕುಂತು ಹಚ್ಚಿದ್ರು" ಎಂದಳು ಚಂದಮ್ಮ. "ಎಡಗೈಲಿ ಬಲಗೈ ಹಿಡ್ಕೊಂಡು ಎಳದ್ರು. ಮೂರು ಬಟ್ಟಿನಾಗ ಒಂದು ಬಟ್ಟು ನಡೀಲೇ ಇಲ್ಲ. ದಿನಾ ಮುಂಜಾನಿ ಆ ಗೆರಿ ಮ್ಯಾಲ ಬಟ್ಟಿಟ್ಟು, ಆಮ್ಯಾಲ ನಾ ಒಲಿ ಹಚ್ಚತಿದ್ದೆ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಚೆನ್ನಾಗಿತ್ತು. ಬಾಗಿಲಲ್ಲಿ ನಿಂತಿದ್ದ ಅಂಬಿಕಾ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು, ಕಾಕಾನೇ ಹಚ್ಚಲಿ ಎಂದು ಮೆಲ್ಲಗೆ ಅಂದಳು. ಚಂದಮ್ಮ ಬೇಡವೆಂದು ತಲೆಯಾಡಿಸಿದಳು. ಯಾರು ಹಚ್ಚಿದರೆ ಏನಾಯಿತು, ಅದು ಅವರದಾಗುತ್ತದೆಯೇ ಎಂದಳು. ಆಮೇಲೆ ಸ್ವಿಚ್ಚನ್ನು ತಾನೇ ಒತ್ತಿ ರೇಡಿಯೊ ಬಂದ್ ಮಾಡಿದಳು.

ಸಂಗಮೇಶ್ವರನಿಗೂ ಅಂಬಿಕಾಳಿಗೂ ರೊಟ್ಟಿ ಬಡಿಸಿದಳು. ಇನ್ನೊಂದು ಹಾಕಿಕೋ ಎಂದು ಎಂದಿನಂತೆ ಒತ್ತಾಯ ಮಾಡಿದಳು. ಪುಂಡಿಪಲ್ಯದ ರುಚಿ ಅವನಿಗೆ ಹತ್ತಲಿಲ್ಲ. ಕೈ ತೊಳೆದು ಹೊರಡುವಾಗ ಚಾದರವನ್ನು ಅವಳೇ ಪೆಟ್ಟಿಗೆಗೆ ಸುತ್ತತೊಡಗಿದಳು. ಧ್ವನಿ ಬಂದಿದೆಯಲ್ಲ, ನಿಮ್ಮ ಹತ್ತಿರವೇ ಇರಲಿ ಎಂದು ಅವನು ಅಂಗಲಾಚಿದ.

"ನೀ ಒಯ್ಯಿ ತಮ್ಮಾ. ಇದು ನಿನಗಂತೇ ತಂದಿದ್ದು" ಎಂದಳು ಗಂಟು ಬಿಗಿಯುತ್ತ. "ಸಂಗಾ ಒಂದಿನ ಕೇಳ್ತಾನ, ಕೇಳಿದ ದಿನ ಕೊಟ್ಟುಬಿಡ್ತೀನಿ ಅಂತಿದ್ರು. ನೀ ಕೇಳಲೇ ಇಲ್ಲ."

ಸ್ಟೇಷನ್ನಿನಲ್ಲಿ ಸೇಡಂ ಕಡೆಯ ಗಾಡಿ ತಡವಿತ್ತು. ಸಂಗಮೇಶ್ವರ ಕಲ್ಲುಬೆಂಚಿನ ಮೇಲೆ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ದಾರಿಯಲ್ಲೇ ಗಂಟು ಸಡಿಲಾಗಿ ಚಾದರ ಒಂದು ಕಡೆ ಜಾರಿತ್ತು. ಆಚೆಯ ಹಳಿಯ ಮೇಲೆ ಸಿಮೆಂಟು ತುಂಬಿದ ಗೂಡ್ಸ್ ಗಾಡಿಯೊಂದು ನಿಲ್ಲದೆ ದಡದಡನೆ ಹಾಯ್ದುಹೋಯಿತು. ಹಿಂದಿನ ಡಬ್ಬಿಯ ಬಾಗಿಲಲ್ಲಿ ನಿಂತಿದ್ದ ಗಾರ್ಡು ಯಾರಿಗೋ ಹಸಿರು ಬಾವುಟ ತೋರಿಸುತ್ತ ಸಾಗಿದ. ಎದ್ದ ಬೂದುಬಣ್ಣದ ಧೂಳು ನಿಧಾನಕ್ಕೆ ಇಳಿದು, ಹೊಳೆಯುತ್ತಿದ್ದ ಮುಚ್ಚಳದ ಮೇಲೆ ತೆಳ್ಳಗೆ ಕೂತಿತು. ಅವನ ಕೈ ತಾನಾಗಿಯೇ ಜೇಬಿನಿಂದ ಕರ್ಚೀಫು ತೆಗೆಯಿತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಒರೆಸದೆ, ಅವನು ಸುಮ್ಮನೆ ಕೂತ.