ಹದಿನೇಳನೆಯ ನೋಟ್‌ಬುಕ್

ಕೆಳಕೊಡಿಗೆ ಶಾಲೆಯ ಮುಖ್ಯೋಪಾಧ್ಯಾಯಿನಿ ಸರ್ವಮಂಗಳಾ ಆ ಪುಟವನ್ನು ಎರಡು ಸಲ ಓದಿದರು. ಎದ್ದು ಹೋಗಿ ಆಫೀಸು ಕೋಣೆಯ ಬಾಗಿಲು ಹಾಕಿ ಬಂದು ಮೂರನೆಯ ಸಲ ಓದಿದರು.

ಐದನೇ ತರಗತಿಯ ಸುಬ್ಬಿ ಬರೆದಿದ್ದಳು: ‘ಶನಿವಾರ ಸಂಜೆ ನಮ್ಮ ಮನೆಗೆ ನಾಲ್ಕು ಜನ ಬಂದರು. ಒಬ್ಬಳು ಅಕ್ಕ. ಎಲ್ಲರ ಹತ್ರ ಕೋವಿ ಇತ್ತು. ಅಮ್ಮ ಗಂಜಿ ಬಡಿಸಿದಳು. ಅರ್ಧ ಗಂಜಿ ನೆಲಕ್ಕೆ ಚೆಲ್ಲಿತು. ಆ ಅಕ್ಕ ನನ್ನಿಂದ ಪಾಠ ಓದಿಸಿದಳು. ಚೆನ್ನಾಗಿ ಓದ್ತೀಯ, ನಿಮ್ಮ ಟೀಚರ್ ಯಾರು ಅಂತ ಕೇಳಿದಳು. ನಾನು ಹೆಸರು ಹೇಳಿದೆ.’

ಬೇರೆ ದಿನವಾಗಿದ್ದರೆ ಸರ್ವಮಂಗಳಾ ಈ ಪುಟವನ್ನು ಇಡೀ ತರಗತಿಗೆ ಓದಿ ಹೇಳುತ್ತಿದ್ದರು. ಆದರೆ ಅದು ಎರಡು ಸಾವಿರದ ಆರನೇ ಇಸವಿ. ಮೆಣಸೆ ಊರಿನಿಂದ ಮೇಲಿನ ಕಾಡಿನಲ್ಲಿ ನಕ್ಸಲರು ಓಡಾಡುತ್ತಿದ್ದಾರೆ ಎಂದು ವಾರಕ್ಕೆರಡು ಸಲ ಪೊಲೀಸ್ ಜೀಪುಗಳು ಬರುತ್ತಿದ್ದವು. ಅವರಿಗೆ ಅನ್ನ ಹಾಕಿದ ಮನೆಯವರನ್ನು ಕರೆದೊಯ್ಯುತ್ತಾರಂತೆ ಎಂಬ ಮಾತು ಬಸ್ಸಿನಲ್ಲೂ ಅಂಗಡಿಯಲ್ಲೂ ಪಿಸುದನಿಯಲ್ಲಿ ಹರಿದಾಡುತ್ತಿತ್ತು.

ಮಕ್ಕಳಿಗೆ ಹೀಗೆ ಬರೆಯಲು ಕಲಿಸಿದವರು ಅವರೇ. ಬಾಳೆಹೊನ್ನೂರಿನಿಂದ ವರ್ಗವಾಗಿ ಬಂದಾಗ ಆ ಶಾಲೆಯ ಅರ್ಧ ಮಕ್ಕಳು ಬಾಯಿಯೇ ಬಿಡುತ್ತಿರಲಿಲ್ಲ. ಎಸ್ಟೇಟಿನ ಕೂಲಿಮನೆಗಳ ಲೈನಿನಿಂದ ಬರುವವರ ಮನೆಮಾತು ತಮಿಳು, ಕೆಲವರದು ಮಲಯಾಳ, ಬ್ಯಾರಿ, ತುಳು. ಪುಸ್ತಕದ ಕನ್ನಡ ಅವರ ಗಂಟಲಲ್ಲೇ ನಿಲ್ಲುತ್ತಿತ್ತು. ಸರ್ವಮಂಗಳಾ ಪುಸ್ತಕ ಪಕ್ಕಕ್ಕಿಟ್ಟು, ಪ್ರತಿ ಸೋಮವಾರ ಒಂದೇ ಮಾತು ಹೇಳಿದರು: “ಕಂಡದ್ದು ಬರೀರಿ. ತಪ್ಪಾದ್ರೆ ಅಡ್ಡಿಲ್ಲ, ಸುಳ್ಳು ಬೇಡ.” ಎರಡು ವರ್ಷದಲ್ಲಿ ಮಕ್ಕಳು ಪುಟಗಟ್ಟಲೆ ಬರೆಯತೊಡಗಿದರು. ಸುದ್ದಿ ತಾಲೂಕು ಕಚೇರಿಗೂ ಹೋಗಿ, ಬುಧವಾರ ಶಿಕ್ಷಣ ಸಂಯೋಜಕರು ನೋಟ್‌ಬುಕ್ ನೋಡಲು ಬರುವವರಿದ್ದರು.

ಸಹಶಿಕ್ಷಕ ಕಾಂತೇಶ್‌ನನ್ನು ಕರೆದು ಪುಟ ತೋರಿಸಿದರು. ಅವನು ಓದುತ್ತಾ ಓದುತ್ತಾ ಕರ್ಚೀಫು ತೆಗೆದ.

“ಮೇಡಂ, ಇದನ್ನ ನಾವಾಗೇ ಪೊಲೀಸಿಗೆ ಕೊಟ್ಬಿಡಣ. ಆಮೇಲೆ ಗೊತ್ತಾದ್ರೆ ಮುಚ್ಚಿಟ್ರು ಅಂತ ನಮ್ಮ ತಲೆಗೇ ಬರ್ತದೆ.”

“ಕೊಟ್ರೆ ಆ ಮನೆಯವ್ರ ಗತಿ ಎಂತ ಕಾಂತೇಶ್?”

“ನಂಗೂ ಮನೆ ಇದೆ ಮೇಡಂ. ಎರಡು ವರ್ಷದ ಕೂಸಿದೆ. ಆ ಹೆಂಗಸು ನಿಮ್ಮ ಹೆಸರು ಬೇರೆ ಕೇಳ್ಕೊಂಡು ಹೋಗಿದಾಳೆ.”

ಸರ್ವಮಂಗಳಾ ಪುಸ್ತಕ ಮುಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಮಂಗಳವಾರ ಬೆಳಿಗ್ಗೆ ಬಿಸಿಯೂಟದ ಒಲೆಯ ಮುಂದೆ ನಿಂತು ನೋಟ್‌ಬುಕ್ಕನ್ನೇ ಬೆಂಕಿಗೆ ಹಾಕಿದರು. ಒಂದು ಪುಟ ಮಾತ್ರ ಹರಿದರೆ ಹರಿದದ್ದು ಕಾಣುತ್ತದೆ. ಅಡುಗೆಯ ವೀರಮ್ಮ ಏನೂ ಕೇಳದೆ ಅದರ ಮೇಲೊಂದು ಸೌದೆ ನೂಕಿ ಬೇಳೆ ತೊಳೆಯಲು ಹೋದಳು.

ಮಧ್ಯಾಹ್ನ ಸುಬ್ಬಿ ಆಫೀಸಿನ ಬಾಗಿಲಿಗೆ ಬಂದು ನಿಂತಳು.

“ಟೀಚರ್, ಎಲ್ಲರಿಗೂ ಪುಸ್ತಕ ಕೊಟ್ರಿ. ನಂದು?”

“ನನ್ನ ತಪ್ಪಿಂದ್ಲೇ ಹಾಳಾಯ್ತು ಪುಟ್ಟಿ. ಹೊಸದು ಕೊಡ್ತೀನಿ.”

“ನಾನು ತಪ್ಪು ಬರ್ದಿದ್ನಾ?”

“ಇಲ್ಲ. ಸರಿಯಾಗೇ ಬರ್ದಿದ್ದೆ. ಆದ್ರೆ ಅದನ್ನ ಯಾರ ಹತ್ರನೂ ಹೇಳ್ಬೇಡ.”

ಹುಡುಗಿ ತುಂಬ ಹೊತ್ತು ಅವರ ಮುಖವನ್ನೇ ನೋಡಿದಳು. ಟೀಚರ್ ಹೆದರಿದ್ದನ್ನು ಅವಳು ಕಂಡದ್ದು ಅದೇ ಮೊದಲು.

ಬುಧವಾರ ಸಂಯೋಜಕರ ಜೊತೆ ಜೀಪಿನಿಂದ ಇನ್ನೊಬ್ಬರು ಇಳಿದರು. ಸಾದಾ ಶರ್ಟು, ನೀಟಾಗಿ ಕತ್ತರಿಸಿದ ತಲೆಗೂದಲು, ಕಾಲಲ್ಲಿ ಕಂದು ಬೂಟು. ಯಾರೆಂದು ಯಾರೂ ಹೇಳಲಿಲ್ಲ. ಆತ ಸೀದಾ ಐದನೇ ತರಗತಿಗೆ ಹೋಗಿ, ಮಕ್ಕಳ ಬೆಂಚಿನ ಮೇಲೆ ಕೂತು ನೋಟ್‌ಬುಕ್‌ಗಳನ್ನು ಒಂದೊಂದಾಗಿ ಓದತೊಡಗಿದ. ಓದಿ ಮುಗಿಸಿ ಕಟ್ಟು ಎಣಿಸಿದ. ಆಮೇಲೆ ಮಕ್ಕಳ ತಲೆ ಎಣಿಸಿದ.

“ಹದಿನೇಳು ಮಕ್ಕಳಿದ್ದಾರೆ. ಪುಸ್ತಕ ಹದಿನಾರು.”

ಸರ್ವಮಂಗಳಾ ಮೇಜಿನ ಮೇಲಿನ ಹಾಜರಿ ಪುಸ್ತಕ ತೆರೆದರು. ಆತ ಬಾಗಿಲ ಬಳಿ ನಿಂತಿದ್ದ ಕಾಂತೇಶ್ ಕಡೆ ತಿರುಗಿದ.

“ಏನ್ ಮೇಷ್ಟ್ರೇ, ನಿಮಗೆ ಗೊತ್ತಾ?”

ಕಾಂತೇಶ್ ಒಮ್ಮೆ ಸರ್ವಮಂಗಳಾರನ್ನು ನೋಡಿ ತಲೆ ತಗ್ಗಿಸಿದ. “ನಾನು ಏಳನೇ ಕ್ಲಾಸು ನೋಡ್ಕೊಳ್ಳೋದು ಸಾರ್.”

ಆಗ ಸುಬ್ಬಿ ಎದ್ದು ನಿಂತಳು.

“ನಂದು ಸಾರ್. ಮರದ ಸಂಕ ದಾಟುವಾಗ ಕೈ ಜಾರಿ ಹಳ್ಳಕ್ಕೆ ಬಿತ್ತು. ಟೀಚರ್ ಬೈದ್ರು.”

ಒಂದು ಅಕ್ಷರವೂ ತಡವರಿಸಲಿಲ್ಲ. ಕಣ್ಣೂ ಕೆಳಗಿಳಿಸಲಿಲ್ಲ. ಆತ ಅವಳನ್ನೇ ದಿಟ್ಟಿಸಿ, “ಯಾವ ಹಳ್ಳ?” ಎಂದ. “ನಮ್ಮನೆ ಕೆಳಗಿಂದು” ಎಂದಳು. ಆತ ಎದ್ದು ಬೂಟಿನ ಧೂಳು ಕೊಡವಿಕೊಂಡ. ಸಂಯೋಜಕರು ನಾಲ್ಕು ನೋಟ್‌ಬುಕ್ ಆರಿಸಿಕೊಂಡು, “ಒಳ್ಳೇ ಕೆಲಸ ಮೇಡಂ” ಎಂದು ಹೊರಟರು. ಜೀಪಿನ ಸದ್ದು ಅಡಗುವವರೆಗೂ ಸರ್ವಮಂಗಳಾ ಮೇಜು ಹಿಡಿದೇ ನಿಂತಿದ್ದರು.

ಮರುದಿನದಿಂದ ಸುಬ್ಬಿ ಶಾಲೆಗೆ ಬರಲಿಲ್ಲ. ಆರು ದಿನ ಕಾದು, ಏಳನೆಯ ದಿನ ಬೆಳಿಗ್ಗೆ ಸರ್ವಮಂಗಳಾ ಒಬ್ಬರೇ ಅವಳ ಮನೆಗೆ ಕಾಡಂಚಿನ ದಾರಿ ಹಿಡಿದರು. ತರಗೆಲೆ ಸರಿದರೂ ನಿಲ್ಲುವರು. ಜೀಪಿನವರು ಎದುರಾದರೆ ಏನು ಹೇಳುವುದು, ಕಾಡಿನವರು ಎದುರಾದರೆ ಏನು ಹೇಳುವುದು ಎಂದು ಎರಡು ಉತ್ತರಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ನಡೆದರು.

ಸುಬ್ಬಿಯ ತಾಯಿ ಸೀತಕ್ಕ ಜಗಲಿಯಿಂದ ಇಳಿಯಲಿಲ್ಲ, ಒಳಗೂ ಕರೆಯಲಿಲ್ಲ.

“ಓದ್ಸಿ ಟೀಚ್ರೇ, ಬ್ಯಾಡ ಅನ್ನಲ್ಲ. ಬರೆಸ್ಬೇಡಿ. ಬರ್ದದ್ದು ಉಳೀತದೆ.”

“ಇನ್ಮೇಲೆ ಮನೆ ಸುದ್ದಿ ಬರೆಸಲ್ಲ ಸೀತಕ್ಕ. ನನ್ನ ಮೇಲೆ ಭಾರ ಹಾಕಿ ಕಳ್ಸು.”

ಸೀತಕ್ಕ ಅಂಗಳದಾಚೆಯ ಮರಗಳ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ ಮಗಳ ಚೀಲ ತಂದು ಕೊಟ್ಟಳು.

ಹಿಂದಿರುಗುವಾಗ ಸುಬ್ಬಿ ಮುಂದೆ, ಸರ್ವಮಂಗಳಾ ಹಿಂದೆ. ತಿರುವಿನಲ್ಲಿ ಒಣಕಡ್ಡಿಯೊಂದು ಪಟ್ಟೆಂದು ಮುರಿಯಿತು. ಹುಡುಗಿ ನಿಂತು ಪೊದೆಗಳ ಕಡೆ ಕಣ್ಣು ಹಾಯಿಸಿದಳು.

“ಯಾರದು ಸುಬ್ಬಿ?”

“ಯಾರೂ ಇಲ್ಲ ಟೀಚರ್. ಬನ್ನಿ.”

ಸರ್ವಮಂಗಳಾ ಅವಳ ಮುಖವನ್ನೇ ನೋಡಿದರು. ಅವಳು ಹೇಳಿದ್ದು ನಿಜವೋ ಸುಳ್ಳೋ ಅವರಿಗೆ ತಿಳಿಯಲಿಲ್ಲ.