ಹುತ್ತದ ಬಾಯಿಗೆ ಮಳೆಯ ಸದ್ದು

ಹುತ್ತಕ್ಕೆ ಹೊದೆಸಿದ್ದ ಕಂಬಳಿಯ ಅಂಚಿಗೆ ಅಡೊಯೊ ಮಣ್ಣು ಮೆತ್ತುತ್ತಿದ್ದಾಗಲೇ ಅತ್ತೆ ಡೊರ್ಕಾ ಎರಡು ಕೋಲು ಹಿಡಿದು ಒಣ ಹಲಗೆಯ ಮುಂದೆ ಕೂತಳು. ಬಿಸಿಲು ನೆತ್ತಿಗೇರಿತ್ತು. ಒಳಗಿನ ಈಸಲು ಹುಳಗಳು, ಅಂದರೆ ರೆಕ್ಕೆಯ ಗೆದ್ದಲುಗಳು, ಹೊರಬರಬೇಕಾದರೆ ಮಳೆ ಬಂತೆಂದು ಅವಕ್ಕೆ ನಂಬಿಸಬೇಕು. ಸಿಯಾಯಾ ಸೀಮೆಯಲ್ಲಿ ಡೊರ್ಕಾಳಷ್ಟು ಚೆನ್ನಾಗಿ ನಂಬಿಸುವವರು ಬೇರೆ ಇರಲಿಲ್ಲ.

"ಬಡೀತೀನಿ. ಆದ್ರೆ ಹಲ್ಲು ಬರದ ಕೂಸಿಗೆ ಹುಳ ತಿನ್ಸೋದು ನಂಗೆ ಒಪ್ಗೆ ಇಲ್ಲ."

"ಹಂಗೇ ಕೊಡಲ್ಲ ಅತ್ತೆ. ಹುರಿದು, ಪುಡಿ ಮಾಡಿ, ಜೋಳದ ಗಂಜೀಲಿ ಬೇಯಿಸ್ತೀನಿ. ನರ್ಸಮ್ಮ ಹೇಳ್ಕೊಟ್ಟಿದ್ದಾರೆ."

"ನರ್ಸಮ್ಮ ಯಾವತ್ತಾದ್ರೂ ಹುತ್ತ ಬಡಿದಿದ್ದಾಳಾ?"

ಅಡೊಯೊಗೆ ನಗು ಬಂತು. ಬೆನ್ನಿಗೆ ಕಟ್ಟಿದ್ದ ಒಂಬತ್ತು ತಿಂಗಳ ಮಗ ಒಗೋಲಾ ಮಿಸುಕಿದ್ದೇ ಆ ನಗು ನಿಂತಿತು. ಅವನು ಇದ್ದಾನೆಂದೇ ಗೊತ್ತಾಗದಷ್ಟು ಹಗುರವಾಗಿದ್ದ. ಬರೀ ಗಂಜಿ ಕೊಟ್ಟರೆ ಎರಡು ತುತ್ತಿಗೇ ಉಗುಳುತ್ತಿದ್ದ. ಹೋದ ವಾರ ನರ್ಸು ಅವನ ತೋಳಿನ ದಪ್ಪ ಅಳೆಯುವ ಬಣ್ಣದ ಪಟ್ಟಿ ಸುತ್ತಿ, ಹಳದಿ ಬಣ್ಣ ತೋರಿಸಿ, "ಇನ್ನೂ ಸೊರಗಿದ್ರೆ ಕೆಂಪು" ಎಂದಿದ್ದಳು.

ಹಲಗೆಯ ಮೇಲೆ ಕೋಲಿನ ಬಡಿತ ಶುರುವಾಯಿತು. ಮೊದಲು ಬಿಡಿ ಹನಿಯ ಸದ್ದು, ಆಮೇಲೆ ಜಡಿಮಳೆಯದು. ಡೊರ್ಕಾಳ ಮೊಣಕೈಯಿಂದ ಬೆವರು ತೊಟ್ಟಿಕ್ಕಿತು. ಎಷ್ಟು ಹೊತ್ತಾದರೂ ಏನೂ ಇಲ್ಲ. ಅಡೊಯೊ ಕಂಬಳಿಯ ಅಂಚಲ್ಲಿ ಬಿಟ್ಟಿದ್ದ ಕಿಂಡಿಯನ್ನೇ ನೋಡಿದಳು. ಒಂದು ರೆಕ್ಕೆ ಮಿಂಚಿತು. ಮತ್ತೊಂದು. ನೋಡನೋಡುತ್ತಿದ್ದಂತೆ ಹುಳಗಳು ಉಕ್ಕಿದ ಹಾಲಿನಂತೆ ಕಿಂಡಿಯಿಂದ ಅದರ ಮುಂದೆ ತೋಡಿದ್ದ ಗುಂಡಿಗೆ ಸುರಿಯತೊಡಗಿದವು.

"ಬಾಚೇ, ಬಾಚೇ, ಏನ್ ನೋಡ್ತಾ ನಿಂತಿದ್ದೀಯಾ!" ಡೊರ್ಕಾ ಕೂಗುತ್ತಲೇ ಒಂದನ್ನು ಹಿಡಿದು ರೆಕ್ಕೆ ಸಮೇತ ಬಾಯಿಗೆ ಹಾಕಿಕೊಂಡಳು. ಅಡೊಯೊ ಎರಡೂ ಕೈಯಲ್ಲಿ ಬಾಚಿದಳು. ಕೂದಲಲ್ಲಿ, ಕುತ್ತಿಗೆಯಲ್ಲಿ ರೆಕ್ಕೆ. ಬೆನ್ನ ಮೇಲೆ ಒಗೋಲಾ ಕೇಕೆ ಹಾಕಿದ. ಗಡಿಗೆ ತುಂಬಿ, ಬುಟ್ಟಿಯೂ ತುಂಬಿತು.

ಸಂಜೆಯೊಳಗೆ ಹುರಿದು, ರೆಕ್ಕೆ ತೂರಿ, ಅಡೊಯೊ ಕಲ್ಲಿನ ಮೇಲೆ ಅರೆದಳು. ಡೊರ್ಕಾ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ ಮುಖ ಸಿಂಡರಿಸಿದಳು.

"ಇದನ್ನ ನುಣ್ಣಗೆ ಅಂತಾರಾ? ಸರಿ ಆಚೆ." ಸೊಸೆಯನ್ನು ಪಕ್ಕಕ್ಕೆ ತಳ್ಳಿ ತಾನೇ ಕೂತು ಇನ್ನೊಮ್ಮೆ ಅರೆದಳು, ಆಮೇಲೆ ಬಟ್ಟೆಯಲ್ಲಿ ಜರಡಿ ಹಿಡಿದಳು.

ಗಂಜಿ ಬೆಂದು ಆರಿದ ಮೇಲೆ ಚಮಚವನ್ನೂ ಅವಳೇ ತೆಗೆದುಕೊಂಡಳು. ಒಗೋಲಾ ಮೊದಲ ತುತ್ತಿಗೆ ಹುಬ್ಬು ಗಂಟಿಕ್ಕಿದ. ಅಡೊಯೊ ಕಣ್ಣು ಮುಚ್ಚಿಕೊಂಡಳು.

"ನುಂಗ್ದ ಕಣೇ," ಎಂದಳು ಡೊರ್ಕಾ, ಮೆಲ್ಲಗೆ.

ಆರನೆಯ ತುತ್ತಾದ ಮೇಲೆ ಅವಳು ಚಮಚವನ್ನು ಬಟ್ಟಲಿಗೆ ಇಳಿಸಹೋದಳು. ಕೂಸು ಅಜ್ಜಿಯ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬರಿದಾದ ಚಮಚವನ್ನು ಚೀಪತೊಡಗಿತು. ಡೊರ್ಕಾ ಕೈ ಅಲುಗಿಸದೆ ಹಾಗೇ ಕೂತಳು.